ಮೊಮಿಕ್‌ನ ಪಕ್ಕೆಗಳು

ಫೆಬ್ರವರಿ 3, ಸೋಮವಾರ

ಇವತ್ತೂ ಗ್ಯಾಸಿನ ತಿರುಪು ಮುಚ್ಚಿದೆಯೇ ಎಂದು ನೋಡಲು ಮತ್ತೆ ಮತ್ತೆ ಎದ್ದು ಹೋದೆ. ಮುಚ್ಚಿಯೇ ಇತ್ತು. ಮುಚ್ಚಿಯೇ ಇರುತ್ತದೆ. ಆದರೂ ಕೂತಲ್ಲಿ ಕೂರಲಾಗುವುದಿಲ್ಲ. ತಲೆಯೊಳಗೆ ಯಾರೋ ಕಡ್ಡಿ ಹಿಡಿದು ಹತ್ತಿ ಬಡಿಯುತ್ತಿರುವ ಹಾಗೆ ಸದ್ದು. ಬರೆದರೆ ಕಡಿಮೆಯಾಗುತ್ತದೇನೋ ಎಂದು ಈ ಹಳೆಯ ಪುಸ್ತಕ ತೆಗೆದೆ. ಏಳನೆಯ ತರಗತಿಯಲ್ಲಿ ಹತ್ತಿ ಬಿಡಿಸಲು ಹೋದವಳು ಮತ್ತೆ ಶಾಲೆಯ ಮುಖ ಸರಿಯಾಗಿ ನೋಡಲಿಲ್ಲ. ಅಕ್ಷರ ಓರೆಯಾಗಿವೆ. ಇರಲಿ, ಯಾರು ನೋಡಬೇಕು.

ನಾದಿನಿ ಹುರ್ಮತ್‌ಳ ಮಗಳ ಮದುವೆ ರಂಜಾನ್ ಹಿಡಿಯುವುದರೊಳಗೆ ಮುಗಿಯಬೇಕಂತೆ. ರಜಾಯಿಗಳೆಲ್ಲ ನನ್ನ ತಲೆಗೆ ಬಿದ್ದಿವೆ. ಈ ಮರ್ಗಿಲಾನ್ ಊರಿನಲ್ಲಿ ರಜಾಯಿ ಹೊಲಿಯುವವರು ಬೇರೆ ಯಾರೂ ಇಲ್ಲವೇ ಎಂದು ಕೇಳಿದರೆ, "ಮನೇಲೇ ಕೈ ಇರೋವಾಗ ಹೊರಗೆ ಯಾಕೆ ಕೊಡ್ಲಿ ಅತ್ತಿಗೆ?" ಎಂದಳು.

ವಿಪರೀತ ಚಳಿ. ಒಲೆ ಇರುವುದು ಒಂದೇ ಕೋಣೆಯಲ್ಲಿ. ಅಲ್ಲೇ ಹತ್ತಿ, ಅಲ್ಲೇ ನಾನು, ಅಲ್ಲೇ ಅತ್ತೆ, ಅಲ್ಲೇ ಅತ್ತೆಯ ಬೆಕ್ಕು. ಹತ್ತಿ ಬಡಿದರೆ ನವಿರೆಲ್ಲ ಎದ್ದು ಕೋಣೆ ತುಂಬ ತೇಲುತ್ತದೆ. ಬೆಕ್ಕಿಗೆ ಮೊಮಿಕ್ ಎಂದು ಹೆಸರು, ಎಂದರೆ ಅದೇ, ಹತ್ತಿಯ ನವಿರು. ನನ್ನವರು ಇಟ್ಟದ್ದು. ಒಂದು ಸಂಜೆ ಮರಿಯನ್ನು ಕೋಟಿನ ಜೇಬಿನಿಂದ ತೆಗೆದು ಊಟದ ಚಾಪೆಯ ಮೇಲೆ ರೊಟ್ಟಿಯ ಪಕ್ಕದಲ್ಲೇ ಇಟ್ಟಿದ್ದರು. ಅವರು ಹೋಗಿ ಮೂರು ಚಳಿಗಾಲವಾಯಿತು. ಶ್ವಾಸಕೋಶ ಎಂದರು. ಆಸ್ಪತ್ರೆಯವರು ನಮ್ಮನ್ನು ಒಳಗೆ ಬಿಡಲಿಲ್ಲ. ಅಂದಿನಿಂದ ಅತ್ತೆ ಮಗನೊಂದಿಗೆ ಆಡಬೇಕಾದ್ದನ್ನೆಲ್ಲ ಬೆಕ್ಕಿನೊಂದಿಗೆ ಆಡುತ್ತಾರೆ. ನನ್ನೊಂದಿಗೆ ಆಡುವುದು ಉಪ್ಪು ಹೆಚ್ಚು, ಉಪ್ಪು ಕಡಿಮೆ.

ಬೆಕ್ಕು ಇವತ್ತು ಮತ್ತೆ ಕೆಮ್ಮಿತು. ನೆಲಕ್ಕೆ ಅಂಟಿ ಕೂತು, ಕುತ್ತಿಗೆ ಮುಂದೆ ಚಾಚಿ, ಖೆಕ್ ಖೆಕ್ ಎಂದು. "ಕೂದಲುಂಡೆ ಕಣೆ. ನೆಕ್ಕೊಂಡು ನೆಕ್ಕೊಂಡು ನುಂಗಿರ್ತಾನೆ," ಎಂದರು ಅತ್ತೆ. ಉಂಡೆ ಮಾತ್ರ ಬರಲಿಲ್ಲ. ಚಳಿ ಶುರುವಾದಾಗಿನಿಂದ ಕೆಮ್ಮುತ್ತಿದೆ, ಒಂದು ಸಲವೂ ಬಂದಿಲ್ಲ.

ಫೆಬ್ರವರಿ 7, ಶುಕ್ರವಾರ

ನಿನ್ನೆ ಬರೆಯಲು ಆಗಲಿಲ್ಲ.

ಗುರುವಾರ ಬಂದರೆ ಅತ್ತೆ ಇಸಿರಿಕ್ ಹೊಗೆ ಹಾಕುವುದು ತಪ್ಪುವುದಿಲ್ಲ. ಒಣಗಿಸಿದ ಗಿಡವನ್ನು ಬಾಣಲೆಯಲ್ಲಿ ಕೆಂಡದ ಮೇಲೆ ಹಾಕಿ ಮೂಲೆಮೂಲೆಗೂ ಹೊಗೆ ತೋರಿಸಿದರೆ ಕೆಟ್ಟ ಕಣ್ಣೂ ಹೋಗುತ್ತದೆ, ಶೀತವೂ ಹೋಗುತ್ತದೆ. ನಾನೂ ಹಾಕುತ್ತೇನೆ. ನನ್ನವರು ಹೋದ ಮೇಲೆ ಹೆಚ್ಚೇ ಹಾಕುತ್ತೇನೆ. ಬೆಕ್ಕು ಕೆಮ್ಮುತ್ತಿದೆ ಎಂದು ನಿನ್ನೆ ಅತ್ತೆ ಒಂದು ಹಿಡಿ ಜಾಸ್ತಿ ಹಾಕಿ, ಅದರ ತಲೆಯ ಸುತ್ತ ಮೂರು ಸಲ ಬಾಣಲೆ ತಿರುಗಿಸಿದರು. ಕಿಟಕಿ ಮುಚ್ಚಿತ್ತು. ಚಳಿಯಲ್ಲಿ ಯಾರು ತೆರೆಯುತ್ತಾರೆ.

ಕೆಮ್ಮು ಹಿಡಿದದ್ದು ಬಿಡಲಿಲ್ಲ. ಬೆಕ್ಕು ಮುಂಗಾಲಿನ ಮೊಣಕೈಗಳನ್ನು ಅಗಲ ಮಾಡಿ ಕೂತಿತು. ಮಲಗಲು ಹೋಗಿ ಮತ್ತೆ ಎದ್ದು ಕೂತಿತು. ಹೊಟ್ಟೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು.

"ದುಂಬಾ ಕೊಬ್ಬು ಕಾಯ್ಸು. ಉಂಡೆ ಜಾರತ್ತೆ," ಎಂದರು ಅತ್ತೆ.

ಕುರಿಬಾಲದ ಕೊಬ್ಬು ಕರಗಿಸಿ ತಂದೆ. ನಮಗೆ ಎಲ್ಲರಿಗೂ ಕೆಮ್ಮಿಗೆ ಅದೇ ಔಷಧ. ಬೆಕ್ಕನ್ನು ಶಾಲಿನಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದೆ, ಅತ್ತೆ ಬಾಯಿ ಬಿಡಿಸಿ ಚಮಚದಲ್ಲಿ ಸುರಿದರು. ಅರ್ಧ ಒಳಗೆ, ಅರ್ಧ ನನ್ನ ತೋಳಿನ ಮೇಲೆ. ಅದು ಒದ್ದಾಡಿತು. ಆಮೇಲೆ ಸುಮ್ಮನಾಗಿ ಗುರ್ ಗುರ್ ಎನ್ನತೊಡಗಿತು.

"ನೋಡ್ದ್ಯಾ? ಹಾಯಾಯ್ತು ನನ್ನ ಮಗೂಗೆ. ಹೆಂಗೆ ಗುರುಗುಡ್ತಾನೆ!"

ನಾನೂ ಹಾಗೇ ಅಂದುಕೊಂಡೆ. ಶಾಲು ಬಿಚ್ಚಿದರೆ ಬಾಯಿ ತೆರೆದುಕೊಂಡಿತ್ತು. ನಾಯಿ ಬೇಸಿಗೆಯಲ್ಲಿ ತೆರೆಯುವ ಹಾಗೆ. ನಾಲಿಗೆಯ ಬಣ್ಣ ಸರಿಯಿರಲಿಲ್ಲ, ಹಿಪ್ಪುನೇರಳೆ ಹಣ್ಣು ತಿಂದ ಮಗುವಿನ ನಾಲಿಗೆಯ ಹಾಗೆ. ನಾನು ಶಾಲು ಹಿಡಿದು ನಿಂತೇ ಇದ್ದೆ. ಅತ್ತೆ ಗೋಡೆಯ ಮೇಲಿಂದ ಪಕ್ಕದ ಮನೆಯ ಅದ್ಹಮ್‌ನನ್ನು ಕೂಗಿದರು. ಅವನ ಬಿಳಿ ವ್ಯಾನಿನಲ್ಲಿ ಹೋದೆವು. ಜಾನುವಾರು ಸಂತೆಯ ಹಿಂದೆ ದಿಲ್ರಬೋ ಎಂಬ ಡಾಕ್ಟರ್ ಇದ್ದಾಳೆ. ಹಸು, ಕುರಿ ನೋಡುವವಳು, ಬೆಕ್ಕನ್ನೂ ನೋಡುತ್ತಾಳೆ.

ಅವಳು ಕೂಡಲೇ ಬೆಕ್ಕನ್ನು ಪರೀಕ್ಷಿಸಲು ಹೋಗಲಿಲ್ಲ. ಮೊದಲು ಆಮ್ಲಜನಕದ ಕೊಳವೆಯಿದ್ದ ಗಾಜಿನ ಪೆಟ್ಟಿಗೆಯಲ್ಲಿ ಬಿಟ್ಟು, ಅದು ಸ್ವಲ್ಪ ಸುಧಾರಿಸಿದ ಮೇಲೆ ಸೂಜಿ ಹಾಕಿದಳು. ಆಮೇಲೆ ನನ್ನ ಬಟ್ಟೆ ಮೂಸಿದಳು.

"ಇಸಿರಿಕ್ ಹಾಕಿದ್ರಾ?"

"ಪ್ರತಿ ಗುರುವಾರ," ಎಂದರು ಅತ್ತೆ, ಹೊಗಳಿಕೆಗೆ ಕಾದವರ ಹಾಗೆ.

"ಅದೇ ಅವನ ಎದೆ ಹಿಂಡ್ತಿರೋದು ಅಮ್ಮ. ಇದು ಕೂದಲುಂಡೆ ಅಲ್ಲ, ಅಸ್ತಮಾ. ಹೊಗೆ, ಹತ್ತಿ ಧೂಳು ಎರಡೂ ಆಗಲ್ಲ ಅವನಿಗೆ. ಕೊಬ್ಬು ಬೇರೆ ಸುರಿದಿದ್ದೀರಿ. ಅದು ಉಸಿರಿನ ದಾರೀಲಿ ಇಳಿದಿದ್ರೆ ಇಷ್ಟೊತ್ತಿಗೆ ಅವನು ಉಳೀತಾನೇ ಇರ್ಲಿಲ್ಲ."

"ಗುರುಗುಡ್ತಿದ್ನಲ್ಲ ಡಾಕ್ಟರಮ್ಮ," ಎಂದೆ.

"ಹೆದರಿಕೆ ಆದಾಗ, ನೋವಾದಾಗಲೂ ಗುರುಗುಡ್ತಾವೆ. ಕಿವಿ ನಂಬಬೇಡಿ, ಪಕ್ಕೆ ನೋಡಿ. ನಿದ್ದೆ ಮಾಡೋವಾಗ ನಿಮಿಷಕ್ಕೆ ಮೂವತ್ತರ ಮೇಲೆ ಏರಿಳಿದು, ಮತ್ತೆ ನೋಡಿದಾಗಲೂ ಹಾಗೇ ಇದ್ರೆ ನಂಗೆ ಫೋನ್ ಮಾಡಿ. ಬಾಯಿ ತೆರೆದ್ರೆ ಫೋನು ದಾರೀಲಿ ಮಾಡಿ. ನೀರು ಬೇಡ, ಔಷಧಿ ಬೇಡ, ಅಪ್ಪಿಕೊಳ್ಳೋದು ಬೇಡ, ಅಳೋದು ಬೇಡ. ಗಾಳಿಯಾಡೋ ಬುಟ್ಟೀಲಿ ಹಾಕಿ, ಸುಮ್ಮನೆ ತಗೊಂಡು ಬನ್ನಿ."

ಅಳೋದು ಬೇಡ ಎಂದಾಗ ಅವಳು ನನ್ನನ್ನೇ ನೋಡಿದಳು.

ಫೆಬ್ರವರಿ 9, ಭಾನುವಾರ

ಡಾಕ್ಟರ್ ಕೊಟ್ಟದ್ದು ಮಗುವಿನ ಮುಖಕ್ಕೆ ಇಡುವಂಥ ಪುಟ್ಟ ಮುಖವಾಡ, ಅದಕ್ಕೊಂದು ಡಬ್ಬಿ, ಡಬ್ಬಿಗೊಂದು ಔಷಧಿಯ ಪಂಪು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಿಡಿಯಬೇಕು. ಬೆಕ್ಕು ಮೊದಲ ದಿನ ನನ್ನ ಮುಂಗೈ ಪರಚಿತು. ಇವತ್ತು ಮುಖವಾಡದ ಅಂಚಿಗೆ ಮೊಸರು ಸವರಿದೆ. ನೆಕ್ಕುತ್ತ ಹಾಗೇ ಉಸಿರಾಡಿತು.

ಅದ್ಹಮ್ ಗೋಡೆಯಾಚೆಯಿಂದ ನೋಡಿ ನಕ್ಕ. "ಅಕ್ಕಾ, ಬೆಕ್ಕಿಗೂ ಪಂಪಾ? ನನ್ನ ವ್ಯಾನಿಗೂ ಒಂದು ಹಿಡೀರಿ, ಏರು ಹತ್ತೋವಾಗ ಹಿಂಗೇ ಏದುಸಿರು ಬಿಡ್ತದೆ."

ಹತ್ತಿ ಬಡಿಯುವುದನ್ನು ಹೊರಗಿನ ಜಗಲಿಗೆ ಹಾಕಿಕೊಂಡೆ. ಬೆರಳು ಮರಗಟ್ಟಿ ಸೂಜಿ ಎಲ್ಲಿ ಚುಚ್ಚಿತೆಂದೂ ತಿಳಿಯುವುದಿಲ್ಲ. ಒಂದು ಸಾಲು ಹೊಲಿದು ಒಳಗೆ ಬಂದು ಒಲೆಗೆ ಕೈ ಚಾಚುವುದು, ಪಕ್ಕೆ ನೋಡುವುದು, ಮತ್ತೆ ಹೊರಗೆ. ಬೆನ್ನು ನನ್ನದಲ್ಲ ಎನ್ನಿಸುತ್ತಿದೆ. ಗ್ಯಾಸಿನ ತಿರುಪನ್ನೂ ಹೋಗುತ್ತ ಬರುತ್ತ ನೋಡಿದೆ.

ಫೆಬ್ರವರಿ 12, ಬುಧವಾರ

ಕೆಮ್ಮಲಿಲ್ಲ. ಹಿಮ. ಸುಸ್ತು.

ಫೆಬ್ರವರಿ 13, ಗುರುವಾರ

ಅತ್ತೆ ಬೆಳಿಗ್ಗೆಯೇ ಬಾಣಲೆ ತೆಗೆದರು.

"ಅತ್ತೇ, ಡಾಕ್ಟರ್ ಬೇಡ ಅಂದಿದಾರೆ."

"ಡಾಕ್ಟರು ನಿನ್ನೆ ಮೊನ್ನೆ ಹುಟ್ಟಿದವಳು. ಇಸಿರಿಕ್ ನಮ್ಮಜ್ಜಿಗಿಂತ ಹಳೇದು."

"ಅಂಗಳದಲ್ಲಿ ಹಾಕಿ ಹಾಗಾದ್ರೆ. ಗೇಟಿನ ಹತ್ರ."

"ಕೆಟ್ಟ ಕಣ್ಣು ಗೇಟಿನ ಹತ್ರ ನಿಂತಿರತ್ತಾ, ನಾನು ಬಂದೆ ಅಂತ ಬಾಗಿಲು ತಟ್ಟಿಕೊಂಡು?"

ನನಗೂ ಹೆದರಿಕೆಯೇ. ಹೊಗೆ ಹಾಕದ ಮನೆ ಬಾಗಿಲಿಲ್ಲದ ಮನೆಯ ಹಾಗೆ ಅನ್ನಿಸುತ್ತದೆ. ಬೆಕ್ಕು ಉಳಿದು ಇನ್ಯಾರಿಗಾದರೂ ಏನಾದರೂ ಆದರೆ? ಅತ್ತೆಗೇ ಆದರೆ? ಜನ ನನ್ನನ್ನೇ ಅನ್ನುತ್ತಾರೆ, ಮಗನೂ ಹೋದ, ತಾಯಿಯೂ ಹೋದಳು, ಈ ಸೊಸೆಯ ಕಾಲ್ಗುಣ ಎಂದು. ಇದನ್ನೆಲ್ಲ ಯೋಚಿಸುತ್ತ ಬಾಣಲೆಯ ಹಿಡಿ ಹಿಡಿದುಕೊಂಡೇ ನಿಂತಿದ್ದೆ, ಬಿಡಲಿಲ್ಲ. ಕೊನೆಗೆ ಅತ್ತೆ ಅಂಗಳಕ್ಕೆ ಹೋಗಿ ಹಾಕಿದರು. ಸಂಜೆಯವರೆಗೆ ನನ್ನೊಂದಿಗೆ ಉಪ್ಪಿನ ಮಾತೂ ಇಲ್ಲ.

ಮೊಮಿಕ್ ಒಲೆಯ ಬಳಿ ಮಲಗಿದ್ದ. ಪಕ್ಕೆ ನಿಧಾನ.

ಫೆಬ್ರವರಿ 17, ಸೋಮವಾರ

ಹುರ್ಮತ್ ಬಂದಿದ್ದಳು. ಗುರುವಾರ ಹೆಂಗಸರೆಲ್ಲ ನಮ್ಮಲ್ಲೇ ಸೇರಿ ಮದುವಣಗಿತ್ತಿಯ ದೊಡ್ಡ ರಜಾಯಿ ಹೊಲಿಯುವುದೆಂದು ಗೊತ್ತು ಮಾಡಿ ಹೋದಳು. ಹತ್ತಿ ತುಂಬುವುದು ನಾನು, ಅಂಚು ಕಟ್ಟುವುದು ನಾನು, ಅಡುಗೆ ನಾನು. ಮೊದಲ ಹೊಲಿಗೆ ಮಾತ್ರ ಗಂಡ, ಮಕ್ಕಳು ತುಂಬಿಕೊಂಡಿರುವವಳು ಹಾಕಬೇಕು.

"ತಪ್ಪು ತಿಳ್ಕೋಬೇಡಿ ಅತ್ತಿಗೆ," ಎಂದಳು.

"ಇಲ್ಲ," ಎಂದೆ. ಎಷ್ಟೋ ಮನೆಯ ರಜಾಯಿಗಳಿಗೆ ಕೊನೆಯ ಹೊಲಿಗೆ ಹಾಕಿದ್ದೇನೆ. ಅದರ ಬಗ್ಗೆ ಯಾರೂ ಏನೂ ಹೇಳುವುದಿಲ್ಲ.

"ಹೊಗೆ ಮಾತ್ರ ಒಳಗೆ ಬೇಡ ಹುರ್ಮತ್. ಮೊಮಿಕ್‌ಗೆ ಆಗಲ್ಲ."

ಅವಳು ತಾಯಿಯ ಮುಖ ನೋಡಿ ನಕ್ಕಳು. "ಮದುವೆ ನನ್ನ ಮಗಳದ್ದೋ, ಬೆಕ್ಕಿಂದೋ?"

ಅತ್ತೆ ನಗಲಿಲ್ಲ. ಟೀ ಬಟ್ಟಲಿನೊಳಗೆ ನೋಡುತ್ತ ಕೂತಿದ್ದರು.

ಫೆಬ್ರವರಿ 21, ಶುಕ್ರವಾರ

ನಿನ್ನೆಯದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಮೊಮಿಕ್‌ಗೆ ಪಂಪು ಕೊಟ್ಟು, ಹಿತ್ತಲ ಕಡೆಯ ಸಣ್ಣ ಕೋಣೆಯಲ್ಲಿ ಬಿಸಿನೀರಿನ ಬಾಟಲಿ ಇಟ್ಟು, ಬಾಗಿಲು ಹಾಕಿದೆ. ಹೆಂಗಸರು ಬಂದರು. ರಜಾಯಿಯನ್ನು ಹಜಾರದ ಅಗಲಕ್ಕೂ ಹರಡಿ ಸುತ್ತ ಕೂತರು. ಮೊದಲ ಹೊಲಿಗೆ ಬಿತ್ತು, ಮಿಠಾಯಿ ಎರಚಿದರು, ಹಾಡಿದರು. ನಾನು ಅಂಗಳದ ಕಡಾಯಿಯಲ್ಲಿ ಅನ್ನಕ್ಕೆ ಕ್ಯಾರೆಟ್ ಹುರಿಯುತ್ತಿದ್ದೆ. ಮಧ್ಯೆ ಹೋಗಿ ಸಣ್ಣ ಕೋಣೆಯ ಬಾಗಿಲಿಗೆ ಕಿವಿಯಿಟ್ಟೆ, ಆಮೇಲೆ ಡಾಕ್ಟರ್ ಹೇಳಿದ್ದು ನೆನಪಾಗಿ ತೆರೆದು ಪಕ್ಕೆ ನೋಡಿದೆ. ಚೆನ್ನಾಗಿತ್ತು.

ಎರಡನೆಯ ಸಲ ಹೋದಾಗ ಬಾಗಿಲು ತೆರೆದಿತ್ತು. ಒಳಗೆ ಹುರ್ಮತ್ ಬಾಣಲೆ ಹಿಡಿದು ನಿಂತಿದ್ದಳು. ಹೊಗೆ ಸೂರಿಗೆ ಮುಟ್ಟಿತ್ತು.

"ಒಂದು ಕೋಣೆ ಬಿಟ್ರೆ ಕಣ್ಣು ಬಂದು ಅಲ್ಲೇ ಕೂರತ್ತೆ ಅತ್ತಿಗೆ. ಬೇಗ ಬೇಗ ತೋರಿಸಿ ಬಂದ್ಬಿಡ್ತೀನಿ ಅಂತ…"

ಮೊಮಿಕ್ ಅಲ್ಲಿದ್ದ ಬಟ್ಟೆ ಪೆಟ್ಟಿಗೆಯ ಹಿಂದೆ ಸೇರಿಕೊಂಡಿದ್ದ. ಮೊಣಕೈ ಅಗಲ, ಕುತ್ತಿಗೆ ಉದ್ದ. ಬಾಯಿ ತೆರೆದಿತ್ತು.

ಬಾಣಲೆ ಕಸಿದುಕೊಂಡು ಹಜಾರಕ್ಕೆ ಬಂದೆ. ಅಲ್ಲಿ ಹೆಂಗಸರ ನಡುವೆ ಹಸಿರು ಟೀಯ ಕೆಟಲ್ ಇತ್ತು. ಅದನ್ನೆತ್ತಿ ಕೆಂಡದ ಮೇಲೆ ಸುರಿದೆ. ಚುಂಯ್ ಎಂದಿತು. ಹಾಡು ನಿಂತಿತು.

"ಅಯ್ಯೋ ದೇವರೇ, ಮದುವೆ ಹೊಗೆ ಆರಿಸಿದ್ಲಲ್ಲೇ!" ಎಂದಳು ಒಬ್ಬಳು.

"ಅದೂ ಯಾರು, ಗಂಡ ಇಲ್ಲದವಳು," ಎಂದಳು ಇನ್ನೊಬ್ಬಳು, ನನಗೆ ಕೇಳಿಸಲೆಂದೇ.

ಕೇಳಿಸಿತು. ಕಿಟಕಿಗಳನ್ನು ತೆರೆದೆ. ರೊಟ್ಟಿಯ ಬುಟ್ಟಿ ಖಾಲಿ ಮಾಡಿ, ಪೆಟ್ಟಿಗೆ ಎಳೆದು, ಮೊಮಿಕ್‌ನನ್ನು ಎರಡು ಕೈಯಲ್ಲಿ ಕೆಳಗಿನಿಂದ ಎತ್ತಿ ಬುಟ್ಟಿಯಲ್ಲಿಟ್ಟೆ. ಅಪ್ಪಿಕೊಳ್ಳಬೇಕೆಂದು ತೋಳುಗಳು ತಾವೇ ಬರುತ್ತಿದ್ದವು. ಅಪ್ಪಿಕೊಳ್ಳಲಿಲ್ಲ. ಮೇಲೆ ಜಾಲರಿ ಬಟ್ಟೆ ಕಟ್ಟಿದೆ. ಗೇಟಿನಲ್ಲಿ ಅದ್ಹಮ್‌ನನ್ನು ಕೂಗುವ ಹೊತ್ತಿಗೆ ಡಾಕ್ಟರಿಗೆ ಫೋನು ಹೋಗಿತ್ತು. "ಬಾಯಿ ತೆರೆದಿದ್ದಾನೆ, ಬರ್ತಿದೀವಿ" ಎಂದಷ್ಟೇ ಹೇಳಿದೆ.

ವ್ಯಾನಿನ ಬಾಗಿಲು ಎಳೆಯುವಷ್ಟರಲ್ಲಿ ಅತ್ತೆ. ಚಪ್ಪಲಿ ಒಂದು ಕಾಲಿಗೆ ತಮ್ಮದು, ಇನ್ನೊಂದು ಕಾಲಿಗೆ ಯಾರದೋ. ಹತ್ತಿ ಕೂತು ಬುಟ್ಟಿಯನ್ನು ತೊಡೆಯ ಮೇಲೆ ತಗೊಂಡರು. ಅದ್ಹಮ್‌ನ ವ್ಯಾನಿನಲ್ಲಿ ಯಾವಾಗಲೂ ಹಾಡು.

"ಆ ಹಾಡಿನ ಬಾಯಿ ಮುಚ್ಚೋ," ಎಂದರು ಅತ್ತೆ.

"ಸ್ವಲ್ಪ ಜೋರಾಗಿ ಹೋಗ್ಲಾ ಅಜ್ಜಿ?"

"ಹೋಗು. ಗುಂಡಿಗೆ ಬೀಳಿಸ್ದೆ ಹೋಗು. ಬಿದ್ರೆ ನಿನ್ನ ಮದುವೆ ದಿನ ಬಾಗಿಲಲ್ಲೇ ಕೂತು ಅಳ್ತೀನಿ, ನೋಡ್ತಿರು."

ಅತ್ತೆ ಬುಟ್ಟಿಗೆ ಬಾಗಿ ಏನೋ ಹೇಳಲು ಹೊರಟವರು ಸುಮ್ಮನಾದರು. ಅವನೊಂದಿಗೆ ಮಾತಾಡದೆ ಅವರು ಇಷ್ಟು ಹೊತ್ತು ಕೂತದ್ದನ್ನು ನಾನು ನೋಡಿಲ್ಲ. ಸಂತೆಯ ತಿರುವಿನಲ್ಲಿ ಕುರಿಮಂದೆ ಅಡ್ಡ ಬಂತು. ಅದ್ಹಮ್ ಹಾರ್ನಿಗೆ ಕೈ ಹಾಕಿದ. "ಬೇಡ, ಹೆದರ್ತಾನೆ," ಎಂದೆ. ಅವನೇ ಇಳಿದು ಓಡಿ ಕುರಿಗಳನ್ನು ಕೈಯಿಂದ ತಳ್ಳಿದ.

ಡಾಕ್ಟರ್ ಬಾಗಿಲಲ್ಲೇ ನಿಂತಿದ್ದಳು. ಗಾಜಿನ ಪೆಟ್ಟಿಗೆ ಆಗಲೇ ಸಿದ್ಧವಾಗಿತ್ತು. ಬುಟ್ಟಿ ಕೈ ಬದಲಾಯಿತು, ಬಾಗಿಲು ಮುಚ್ಚಿತು.

ನಾವು ಹೊರಗಿನ ಬೆಂಚಿನ ಮೇಲೆ ಕೂತೆವು. ಪಕ್ಕದಲ್ಲಿ ಕರು ಹಿಡಿದುಕೊಂಡು ಒಬ್ಬ ಮುದುಕ. ತುಂಬ ಹೊತ್ತಾಯಿತು. ಅತ್ತೆ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು. ಅವರು ಯಾವ ಬಾಗಿಲನ್ನು ನೋಡುತ್ತಿದ್ದಾರೆಂದು ನನಗೆ ಗೊತ್ತಿತ್ತು.

ಆಗ ಬಾಗಿಲು ತೆರೆದು ದಿಲ್ರಬೋ ತಲೆ ಹೊರಹಾಕಿದಳು. "ಒಳಗೆ ಬನ್ನಿ. ಗಾಜಿನ ಹತ್ರ ಹೋಗಬೇಡಿ, ದೂರ ಕೂತು ನೋಡಿ."

ಅತ್ತೆ ಏಳಲಿಲ್ಲ. "ಬಿಡ್ತಾರಾ ಒಳಗೆ?" ಎಂದು ನನ್ನನ್ನು ಕೇಳಿದರು.

"ಬಿಡ್ತಾರೆ ಅತ್ತೇ, ಬನ್ನಿ," ಎಂದು ಕೈ ಹಿಡಿದು ಎಬ್ಬಿಸಿದೆ. ಗೋಡೆಗೆ ಒರಗಿ ಕೂತು ಇಬ್ಬರೂ ಪಕ್ಕೆ ನೋಡಿದೆವು. ಕತ್ತಲಾಗುವ ಹೊತ್ತಿಗೆ ಅವನು ಬಾಯಿ ಮುಚ್ಚಿದ. ರಾತ್ರಿಗೆ ಅಲ್ಲೇ ಬಿಡಿ ಎಂದಳು ಡಾಕ್ಟರ್.

ಮನೆಗೆ ಬಂದರೆ ಅನ್ನ ಸೀದಿತ್ತು. ಯಾರೂ ಇರಲಿಲ್ಲ. ರಜಾಯಿ ಅರ್ಧ ಹೊಲಿಗೆಯಲ್ಲಿ ಹಾಗೇ ಬಿದ್ದಿತ್ತು, ಮಿಠಾಯಿಗಳು ಅದರ ಮೇಲೆ. ಇವತ್ತಿಡೀ ದಿನ ಕೂತು ನಾನೇ ಮುಗಿಸಿದೆ.

ಫೆಬ್ರವರಿ 22, ಶನಿವಾರ

ಮೊಮಿಕ್ ಮನೆಗೆ ಬಂದ. ಮುಂಗಾಲಿನ ಕೂದಲು ಬೋಳಿಸಿದ್ದಾರೆ, ನಾಚಿಕೆಯಿಂದ ಅದನ್ನು ಹೊಟ್ಟೆಯಡಿ ಇಟ್ಟುಕೊಂಡು ಮಲಗುತ್ತಾನೆ. ಪೂರ್ತಿ ವಾಸಿಯಾಗುವುದಿಲ್ಲವಂತೆ. ಪಂಪು ಬಿಡುವ ಹಾಗಿಲ್ಲ, ನೋಡುತ್ತಿರಬೇಕು.

ಹುರ್ಮತ್ ರಜಾಯಿ ಒಯ್ಯಲು ಬಂದು ಗೇಟಿನಲ್ಲೇ ನಿಂತಳು. ನನ್ನ ಕಡೆ ನೋಡಲಿಲ್ಲ.

"ಅಪಶಕುನ ಮಾಡಿದ್ಲು ಅಮ್ಮಾ. ಬೀಗರಿಗೆ ಗೊತ್ತಾದ್ರೆ ನಾನೇನು ಹೇಳ್ಲಿ?"

"ಟೀ ಚೆಲ್ಲಿತು ಅನ್ನು," ಎಂದರು ಅತ್ತೆ. "ಹೊಲಿಗೆ ನೋಡ್ಕೋ. ಒಂದಾದ್ರೂ ಓರೆ ಇದ್ರೆ ಆಮೇಲೆ ಮಾತಾಡು."

ಹುರ್ಮತ್ ಮಡಿಕೆ ಬಿಚ್ಚಿ ನಿಜವಾಗಿಯೂ ನೋಡಿದಳು. ಮತ್ತೆ ಮಡಿಚಿ ಹೊತ್ತುಕೊಂಡು ಹೋದಳು.

ರಾತ್ರಿ ಮಲಗುವ ಮುಂಚೆ ಅತ್ತೆ ಕೇಳಿದರು, "ಗ್ಯಾಸ್ ನೋಡಿದ್ಯೇನೆ?"

"ನೀವೇ ನೋಡಿ ಬನ್ನಿ ಅತ್ತೇ. ನಾನು ಪಂಪು ತೊಳೀತಿದೀನಿ."

ಗೊಣಗುತ್ತ ಎದ್ದು ಹೋದರು.

ಫೆಬ್ರವರಿ 27, ಗುರುವಾರ

ನಿನ್ನೆ ಮದುವೆ ಮುಗಿಯಿತು. ಅತ್ತೆ ಹೋಗಿ ಬಂದರು. ನಾನು ಹೋಗಲಿಲ್ಲ, ಪಂಪಿನ ಹೊತ್ತು ತಪ್ಪುತ್ತಿತ್ತು. ಕರವಸ್ತ್ರದಲ್ಲಿ ಗಂಟು ಕಟ್ಟಿ ಒಂದಿಷ್ಟು ಮಾಂಸ ತಂದಿದ್ದರು. "ಹುರ್ಮತ್ ಕೊಟ್ಲು. ಉಪ್ಪಿಲ್ಲದ್ದು, ಬೆಕ್ಕಿಗೆ ಅಂತ." ಅಷ್ಟೇ ಹೇಳಿದರು.

ಇವತ್ತು ಬೆಳಿಗ್ಗೆ ಅತ್ತೆ ಇಸಿರಿಕ್ ತೆಗೆದಾಗ ನನ್ನ ಕೈ ಸೂಜಿಯ ಮೇಲೇ ನಿಂತಿತು. ಅವರು ಬಾಣಲೆ ಹುಡುಕಲಿಲ್ಲ. ಒಣಗಿದ ಗಿಡವನ್ನು ಕೆಂಪು ದಾರದಲ್ಲಿ ಕಟ್ಟಿ, ಸ್ಟೂಲು ಹಾಕಿಕೊಂಡು, ಗೇಟಿನ ಮೇಲಿನ ಮೊಳೆಗೆ ತೂಗುಹಾಕಿದರು.

"ಸುಡದಿದ್ರೆ ಕಣ್ಣು ತಡೆಯತ್ತಾ ಅತ್ತೇ?"

"ನೇತಾಡ್ತಿರೋದು ಕಾಣಲ್ವಾ ಅದಕ್ಕೆ? ಕಣ್ಣು ತಾನೇ."

ಆಮೇಲೆ ಬೀದಿಯಲ್ಲಿ ಹೊಗೆ ಹಾಕಿಕೊಂಡು ಮನೆಮನೆಗೆ ಹೋಗುವ ಹೆಂಗಸು ಬಾಣಲೆ ಆಡಿಸುತ್ತ ಬಂದಳು. ಅತ್ತೆ ಗೇಟನ್ನು ಅರ್ಧ ಮುಚ್ಚಿ ನಿಂತದ್ದು ಒಳಗಿನಿಂದ ಕಾಣುತ್ತಿತ್ತು.

"ಹೊಗೆ ಬೇಡ ತಾಯಿ. ಈ ರೊಟ್ಟಿ ತಗೊಂಡು ಹೋಗು. ಮನೇಲಿ ಉಸಿರಾಟದ ಕಾಯಿಲೆಯವರಿದ್ದಾರೆ."

"ಯಾರಿಗೆ ಅಜ್ಜಿ?"

"ನಮ್ಮ ಹುಡುಗನಿಗೆ."

ಮಧ್ಯಾಹ್ನ ಬಿಸಿಲು ಬಂತು. ಜಗಲಿಯ ಮೇಲೆ ಬೇರೆ ಮನೆಯ ರಜಾಯಿ ಹರಡಿಕೊಂಡಿದ್ದೆ. ಮೊಮಿಕ್ ಬಂದು ಅದರ ಮಧ್ಯದಲ್ಲೇ ಮಲಗಿದ. ಎಬ್ಬಿಸಲು ಮನಸ್ಸಾಗದೆ ಅವನ ಸುತ್ತಲೇ ಹೊಲಿಯುತ್ತಿದ್ದೆ, ಹೊಲಿಯುತ್ತ ಪಕ್ಕೆ ನೋಡುತ್ತಿದ್ದೆ. ಏರುತ್ತಿತ್ತು, ಇಳಿಯುತ್ತಿತ್ತು. ಇಷ್ಟೇ ನೆನಪು. ಕಣ್ಣು ಬಿಟ್ಟಾಗ ಬಿಸಿಲು ಗೋಡೆ ಹತ್ತಿತ್ತು. ನನ್ನ ಮೇಲೆ ಅತ್ತೆಯ ಕೋಟು. ಸೂಜಿಯನ್ನು ಯಾರೋ ನನ್ನ ಕೈಯಿಂದ ತೆಗೆದು ದಾರದುಂಡೆಗೆ ಚುಚ್ಚಿಟ್ಟಿದ್ದರು. ಅತ್ತೆ ನಮ್ಮಿಬ್ಬರ ಎದುರು ಸ್ಟೂಲಿನ ಮೇಲೆ ಕೂತಿದ್ದರು.

ಗಾಬರಿಯಾಗಿ ಎದ್ದೆ. "ಇಷ್ಟು ಹೊತ್ತಾ! ಎಬ್ಬಿಸ್ಬಾರದಿತ್ತಾ ಅತ್ತೇ?"

"ಯಾಕೆ ಎಬ್ಬಿಸ್ಲಿ? ನೋಡ್ತಾನೇ ಇದ್ದೆ. ಇಬ್ಬರೂ ಬಾಯಿ ಮುಚ್ಕೊಂಡೇ ಉಸಿರಾಡ್ತಿದ್ರಿ."